ಅಂದಿನ ಲಕೋಟೆ, ಇಂದಿನ ಕರಾರು

ಪ್ರಶ್ನೆ: ಮಗ ಡಲ್ಲಾಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಲ್ಲಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟರೆಂದು ಹಿಂದೊಮ್ಮೆ ಅಮೆರಿಕನ್ ಫುಟ್‌ಬಾಲ್ ತಂಡವನ್ನೇ ಮುಚ್ಚಿಸಿದ್ದರಂತೆ. ಈಗ ಕಾಲೇಜು ಆಟಗಾರರಿಗೆ ರಾಜಾರೋಷವಾಗಿ ಕೋಟಿಗಟ್ಟಲೆ ಕೊಡುತ್ತಾರೆಂದೂ ಅವನೇ ಹೇಳುತ್ತಾನೆ. ಹಾಗಿದ್ದರೆ ಅಂದು ಆದ ತಪ್ಪಾದರೂ ಏನು? ಈಗ ನಿಯಮವೇ ಇಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಮಗ ಹೇಳಿದ ಎರಡೂ ಮಾತು ನಿಜ. ಅಮೆರಿಕದ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಹಳೆಯ ನಿಯಮದ ಪ್ರಕಾರ ಆಟಗಾರ ಮೊದಲು ವಿದ್ಯಾರ್ಥಿ. ಶುಲ್ಕ, ವಸತಿ, ಊಟ, ಪುಸ್ತಕಗಳಿಗೆ ಸಿಗುವ ವಿದ್ಯಾರ್ಥಿವೇತನದ ಹೊರತಾಗಿ ಅವನು ಆಟದ ಹೆಸರಿನಲ್ಲಿ ಚಿಕ್ಕಾಸನ್ನೂ ಮುಟ್ಟುವಂತಿರಲಿಲ್ಲ. ಆದರೆ ಪ್ರೌಢಶಾಲೆಯಲ್ಲಿ ಮಿಂಚಿದ ಹುಡುಗನೊಬ್ಬನಿಗಾಗಿ ಹತ್ತಾರು ವಿಶ್ವವಿದ್ಯಾಲಯಗಳು ಪೈಪೋಟಿ ನಡೆಸುವಾಗ, ಕಾನೂನಿನಲ್ಲಿ ಬೆಲೆಯಿಲ್ಲದ ಅವನಿಗೆ ಪೇಟೆಯಲ್ಲಿ ಬೆಲೆ ಇದ್ದೇ ಇರುತ್ತಿತ್ತು. ಆ ಬೆಲೆಯನ್ನು ತೆರುತ್ತಿದ್ದವರು ‘ಬೂಸ್ಟರ್’ ಎಂದು ಕರೆಯಲ್ಪಡುವ ಸಿರಿವಂತ ಅಭಿಮಾನಿಗಳು, ಬಹುಪಾಲು ಹಳೆಯ ವಿದ್ಯಾರ್ಥಿಗಳು.

ಸದರ್ನ್ ಮೆಥಡಿಸ್ಟ್‌ನ ತಪ್ಪು ಹಣ ಕೊಟ್ಟದ್ದಷ್ಟೇ ಆಗಿದ್ದರೆ ಅದಕ್ಕೆ ಅಷ್ಟು ದೊಡ್ಡ ಶಿಕ್ಷೆ ಬೀಳುತ್ತಿರಲಿಲ್ಲ. 1985ರಲ್ಲಿ ಇದೇ ಬಗೆಯ ಅಪರಾಧಕ್ಕೆ ದಂಡನೆಗೊಳಗಾದ ಮೇಲೆಯೂ, ಕ್ರೀಡಾ ವಿಭಾಗದ ಸಿಬ್ಬಂದಿಗೆ ಗೊತ್ತಿದ್ದೇ, ಬೂಸ್ಟರ್ ಒಬ್ಬರ ಹಣದಿಂದ 13 ಆಟಗಾರರಿಗೆ ತಿಂಗಳಿಗೆ 50ರಿಂದ 725 ಡಾಲರ್‌ವರೆಗೆ, ಒಟ್ಟು ಸುಮಾರು 61,000 ಡಾಲರ್ ಸಂದಾಯವಾಗಿತ್ತು. 1986ರ ನವೆಂಬರಿನಲ್ಲಿ ಮಾಜಿ ಆಟಗಾರನೊಬ್ಬ ಡಲ್ಲಾಸ್‌ನ ಡಬ್ಲ್ಯುಎಫ್‌ಎಎ ವಾಹಿನಿಯಲ್ಲಿ ಬಾಯಿಬಿಟ್ಟ. ವರದಿಗಾರರು ಕ್ಯಾಮೆರಾದ ಎದುರಿನಲ್ಲೇ, ಹಣ ಬಂದಿತ್ತೆನ್ನಲಾದ ಒಂದು ಅಂಚೆ ಲಕೋಟೆಯನ್ನು ಆಟಗಾರರ ನೇಮಕಾತಿ ನೋಡಿಕೊಳ್ಳುತ್ತಿದ್ದ ಅಧಿಕಾರಿಯ ಕೈಗಿತ್ತು, ಬರಹ ನಿಮ್ಮದೇ ಎಂದು ಕೇಳಿದಾಗ ಅವರ ಉತ್ತರ ತಡವರಿಸಿತು. ಇಂಥ ಪ್ರಕರಣಗಳು ಹೊರಬೀಳುವುದು ಸಾಮಾನ್ಯವಾಗಿ ಹೀಗೆಯೇ: ಎನ್‌ಸಿಎಎಗೆ ಹೊರಗಿನವರನ್ನು ಸಮನ್ಸ್ ಕೊಟ್ಟು ಕರೆಸುವ ಅಧಿಕಾರವಿಲ್ಲದ ಕಾರಣ, ಒಳಗಿದ್ದವರಲ್ಲಿ ಯಾರಾದರೂ ಮುನಿಸಿಕೊಳ್ಳುವವರೆಗೆ ಸಾಕ್ಷ್ಯವೇ ಹುಟ್ಟುವುದಿಲ್ಲ.

1987ರ ಫೆಬ್ರುವರಿಯಲ್ಲಿ ಆ ವರ್ಷದ ಪಂದ್ಯಗಳೆಲ್ಲವೂ ರದ್ದಾದವು. 1988ರಲ್ಲಿ ತವರಿನ ಪಂದ್ಯಗಳಿಗೂ ತಡೆ ಬಿದ್ದದ್ದರಿಂದ ವಿಶ್ವವಿದ್ಯಾಲಯ ತಾನಾಗಿಯೇ ಆ ವರ್ಷವನ್ನೂ ಕೈಬಿಟ್ಟಿತು. ಪತ್ರಿಕೆಗಳು ಇದನ್ನು ‘ಮರಣದಂಡನೆ’ ಎಂದು ಕರೆದವು. ಕೆಲವೇ ದಿನಗಳಲ್ಲಿ ಇನ್ನೊಂದು ಸಂಗತಿ ಹೊರಬಂತು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು, ಅಷ್ಟರಲ್ಲಿ ಟೆಕ್ಸಾಸ್ ರಾಜ್ಯಪಾಲರ ಕುರ್ಚಿಯಲ್ಲಿ ಕುಳಿತಿದ್ದ ಬಿಲ್ ಕ್ಲೆಮೆಂಟ್ಸ್, ಪಾವತಿ ಮುಂದುವರಿಸುವ ತೀರ್ಮಾನದಲ್ಲಿ ತಾವೂ ಇದ್ದುದಾಗಿ ಒಪ್ಪಿಕೊಂಡರು. ಮಾತು ಕೊಟ್ಟಿದ್ದ ಆಟಗಾರರು ಓದು ಮುಗಿಸಿ ಹೋಗುವವರೆಗೆ ಕೊಟ್ಟು, ಆಮೇಲೆ ನಿಲ್ಲಿಸುವುದು ಅವರ ಲೆಕ್ಕಾಚಾರವಾಗಿತ್ತು. (ಅಲ್ಲಿ ರಾಜ್ಯಪಾಲರೆಂದರೆ ಜನರಿಂದ ಆಯ್ಕೆಯಾದವರು, ನಮ್ಮ ಮುಖ್ಯಮಂತ್ರಿಗೆ ಸಮಾನರು, ಸಂಗತಿಯ ತೂಕ ತಿಳಿಯಲೆಂದು ಹೇಳಿದೆ.) ನನ್ನ ದೃಷ್ಟಿಯಲ್ಲಿ ಅಂದಿನ ನಿಜವಾದ ತಪ್ಪು ಇದು: ಸಿಕ್ಕಿಬಿದ್ದ ಮೇಲೂ ಮೇಲಿನವರು ಕೂತು, ಯೋಚಿಸಿ, ನಿಯಮ ಮುರಿಯಲು ನಿರ್ಧರಿಸಿದ್ದು. ಕ್ಲೆಮೆಂಟ್ಸ್ ಅವಧಿ ಮುಗಿಯುವವರೆಗೂ ಅಧಿಕಾರದಲ್ಲಿದ್ದರು. ದಂಡ ತೆತ್ತವರು ಮಾತ್ರ ಆಮೇಲೆ ಬಂದ ಹುಡುಗರು. 1989ರಲ್ಲಿ ಮರಳಿದ ತಂಡ ಹ್ಯೂಸ್ಟನ್ ಎದುರು 95–21ರಿಂದ ಸೋತಿತು, ಮತ್ತೊಂದು ಬೌಲ್ ಪಂದ್ಯ (ಋತುವಿನ ಕೊನೆಯಲ್ಲಿ ಉತ್ತಮ ತಂಡಗಳಿಗೆ ಸಿಗುವ ವಿಶೇಷ ಪಂದ್ಯ) ಆಡಲು 2009ರವರೆಗೆ ಕಾಯಬೇಕಾಯಿತು.

ಆ ಪರಿಣಾಮವನ್ನು ಕಂಡ ಎನ್‌ಸಿಎಎ ದೊಡ್ಡ ಫುಟ್‌ಬಾಲ್ ತಂಡವೊಂದರ ಮೇಲೆ ಆ ಅಸ್ತ್ರವನ್ನು ಮತ್ತೆ ಬಳಸಿಲ್ಲ. ಟೆನೆಸೀ ವಿಶ್ವವಿದ್ಯಾಲಯದಲ್ಲಿ 200ಕ್ಕೂ ಹೆಚ್ಚು ಉಲ್ಲಂಘನೆಗಳು ನಡೆದವೆಂದು 2023ರಲ್ಲಿ ತೀರ್ಮಾನವಾದಾಗ, 80 ಲಕ್ಷ ಡಾಲರಿಗೂ ಮೀರಿದ ದಂಡ ಬಿತ್ತು, ಹಿಂದಿನ ಮುಖ್ಯ ತರಬೇತುದಾರ ಜೆರೆಮಿ ಪ್ರುಯಿಟ್ ಅವರಿಗೆ ಆರು ವರ್ಷಗಳ ನಿರ್ಬಂಧ ಬಿತ್ತು. ಆದರೆ ಆಗ ತಂಡದಲ್ಲಿದ್ದ ಹುಡುಗರ ಬೌಲ್ ಪಂದ್ಯಕ್ಕೆ ಕುತ್ತು ಬರಲಿಲ್ಲ. ಕೋವಿಡ್ ಕಾರಣದಿಂದ ಮುಖತಃ ಭೇಟಿಯನ್ನೇ ನಿಷೇಧಿಸಿದ್ದ ತಿಂಗಳುಗಳಲ್ಲಿ ಹುಡುಗರನ್ನೂ ಅವರ ಮನೆಯವರನ್ನೂ ಕರೆಸಿ ಉಪಚರಿಸಿದ್ದು ಅಲ್ಲಿನ ಮುಖ್ಯ ಆರೋಪಗಳಲ್ಲೊಂದು.

ಇನ್ನು ಎರಡನೆಯ ಪ್ರಶ್ನೆ. ನಿಯಮ ಹೋಗಿಲ್ಲ, ಗೆರೆ ಸರಿದಿದೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ ವಿಶ್ವವಿದ್ಯಾಲಯವೇ ನೇರವಾಗಿ ಆದಾಯ ಹಂಚಬಹುದು. ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಹೊರಗಿನವರೊಂದಿಗೆ 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಕರಾರಾದರೆ ತಿಳಿಸಲೇಬೇಕು. ಬೂಸ್ಟರ್‌ಗಳು ಮಾಡಿಕೊಳ್ಳುವ ಕರಾರಾದರೆ ಅದರ ಹಿಂದೆ ನಿಜವಾದ ವ್ಯಾಪಾರದ ಉದ್ದೇಶವಿದೆಯೇ, ಮೊತ್ತ ನ್ಯಾಯವಾದುದೇ ಎಂದೂ ಪರಿಶೀಲಿಸುತ್ತಾರೆ. ಹೀಗಾಗಿ ಇಂದು ವಂಚನೆ ಮಾಡುವವನಿಗೆ ಲಕೋಟೆ ಬೇಕಿಲ್ಲ. ಆಟಗಾರನ ಒಂದು ಸಹಿಗೆ ಹತ್ತುಪಟ್ಟು ಬೆಲೆ ಕಟ್ಟಿದ ಜಾಹೀರಾತಿನ ಕರಾರುಪತ್ರ ಸಾಕು, ಅದು ಸುಳ್ಳೆಂದು ಸಾಬೀತುಪಡಿಸುವುದು ಲಕೋಟೆ ಹಿಡಿಯುವುದಕ್ಕಿಂತ ಕಷ್ಟ.

ಮಗನನ್ನು ಇನ್ನೊಂದು ವಿಷಯ ಕೇಳಿ ನೋಡಿ. 2024ರಲ್ಲಿ ಸದರ್ನ್ ಮೆಥಡಿಸ್ಟ್ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ತಂಡಗಳ ದೊಡ್ಡ ಲೀಗನ್ನು ಸೇರಿತು. ಅದಕ್ಕಾಗಿ ಒಂಬತ್ತು ವರ್ಷಗಳ ದೂರದರ್ಶನ ಹಣದ ಪಾಲನ್ನು ಬಿಟ್ಟುಕೊಡಲು ಒಪ್ಪಿಕೊಂಡಿತ್ತು. ಆ ಕೊರತೆ ತುಂಬಲು ವಿಶ್ವವಿದ್ಯಾಲಯದ ದಾನಿಗಳು ಒಂದೇ ವಾರದೊಳಗೆ 10 ಕೋಟಿ ಡಾಲರ್ ಕೂಡಿಸಿಕೊಟ್ಟರು, ಈ ಬಾರಿ ಪತ್ರಿಕಾ ಪ್ರಕಟಣೆಯೊಂದಿಗೆ.