ತೂಕ ಜಾಸ್ತಿ ಇರುವ ಬಾಕ್ಸರ್‌ಗಳು ಅಷ್ಟು ಜೋರು ಏಟು ಹೇಗೆ ತಡೆದುಕೊಳ್ಳುತ್ತಾರೆ? ನಾನೂ ತೂಕ ಏರಿಸಿದರೆ ಆಗುತ್ತಾ?

ನೀವು 60 ಕೆಜಿ, ಎದುರಿನವನು 80. ಎಷ್ಟು ಬಾರಿಸಿದರೂ ಅಲುಗಾಡುತ್ತಿಲ್ಲ, ಅಲ್ವಾ? ಮೈಸೂರಿನಲ್ಲಿ ಬಾಕ್ಸಿಂಗ್ ಆಡುತ್ತಿದ್ದಾಗ ನಾನೂ ಇದೇ ಲೆಕ್ಕ ಹಾಕಿದ್ದೆ.

ಐದು ತಿಂಗಳಲ್ಲಿ 60ರಿಂದ 71ಕ್ಕೆ ಹೋದೆ. ಬೆಳಿಗ್ಗೆ ಆರು ಮೊಟ್ಟೆ, ಮಧ್ಯಾಹ್ನ ಎರಡು ಮುದ್ದೆ, ಸಂಜೆ ಬೆಣ್ಣೆ ಹಾಕಿಸಿಕೊಂಡು ಮಸಾಲೆ ದೋಸೆ. ಅಮ್ಮನಿಗೆ ಖುಷಿಯೋ ಖುಷಿ. ದಸರಾಕ್ಕೆ ಬಟ್ಟೆ ಹೊಲಿಸಲು ಹೋದರೆ ಟೈಲರ್ ಹಳೇ ಅಳತೆ ಪುಸ್ತಕ ತೆಗೆದು ನಕ್ಕರು. "ಸೊಂಟ 30 ಇದ್ದಿದ್ದು 34 ಆಗೈತೆ ಕಣಪ್ಪಾ. ಕಾಲರ್ ಮಾತ್ರ ಅದೇ 14." ನಾನೂ ನಕ್ಕೆ. ನನ್ನ ತಪ್ಪು ಪೂರ್ತಿ ಆ ಟೇಪಿನಲ್ಲೇ ಇತ್ತು.

ಗದ್ದಕ್ಕೆ ಏಟು ಬಿದ್ದರೆ ತಲೆ ಗಕ್ಕನೆ ತಿರುಗುತ್ತದೆ. ಬುರುಡೆ ತಿರುಗಿದಷ್ಟು ಬೇಗ ಒಳಗಿನ ಮಿದುಳು ತಿರುಗುವುದಿಲ್ಲ, ಎಳೆದಾಡುತ್ತದೆ. ಆಳು ಬೀಳುವುದು ಅದಕ್ಕೇ. ತಲೆ ಭಾರವಿದ್ದು, ದಪ್ಪ ಕುತ್ತಿಗೆ ಅದನ್ನು ಬಿಗಿಯಾಗಿ ಹಿಡಿದಿದ್ದರೆ ಅದೇ ಏಟಿಗೆ ತಲೆ ಕಡಿಮೆ ತಿರುಗುತ್ತದೆ. ಖಾಲಿ ಬಿಂದಿಗೆ ಒದ್ದರೆ ಉರುಳುತ್ತದೆ, ತುಂಬಿದ ಬಿಂದಿಗೆ ಒದ್ದರೆ ಕಾಲು ನೋಯುತ್ತದೆ. ನಾನು ತುಂಬಿಸಿದ್ದು ಹೊಟ್ಟೆಯನ್ನು. ತಲೆ ಅದೇ, ಕುತ್ತಿಗೆ ಅದೇ. ಆದರೆ ತೂಕ 71 ಆಯಿತಲ್ಲ, ಇನ್ನು ಮೇಲೆ 71ರವರ ಜೊತೆಯೇ ಆಡಬೇಕು. ಅವರು ಹುಟ್ಟಾ ದಪ್ಪ ಮೂಳೆಯವರು, ಕೈಯೂ ಭಾರ. ಅಂದರೆ 60 ಕೆಜಿಯ ಕುತ್ತಿಗೆ ಇಟ್ಟುಕೊಂಡು 71 ಕೆಜಿಯ ಏಟು ತಿನ್ನಲು ನಾನೇ ಹೋಗಿ ನಿಂತೆ. ಐದು ತಿಂಗಳು ಮೊಟ್ಟೆ ತಿಂದು!

ಹಾಗೆ 71ರವನ ಜೊತೆ ಆಡುವಾಗ ಎರಡನೇ ರೌಂಡಿನಲ್ಲಿ ಎಡಗೈ ಹುಕ್, ಅಂದರೆ ಪಕ್ಕದಿಂದ ಬೀಸುವ ಏಟು, ಬಿತ್ತು. ಬಂದಿದ್ದು ಕಾಣಲೇ ಇಲ್ಲ. ಕಾಣದ ಏಟಿಗೆ ಕುತ್ತಿಗೆ ಬಿಗಿ ಮಾಡಲೂ ಸಮಯ ಸಿಗುವುದಿಲ್ಲ. ಬೀಳಲಿಲ್ಲ, ರೌಂಡ್ ಮುಗಿಸಿದೆ ಅಂತೆ. ಹೊರಗೆ ಬಂದು ಅರ್ಧ ಗಂಟೆ ಬೈಕ್ ಹುಡುಕಿದೆ. ಆವತ್ತು ನಾನು ಸೈಕಲ್‌ನಲ್ಲಿ ಬಂದಿದ್ದೆ. ಆ ದಸರಾದಲ್ಲಿ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಕಣ್ಣು ಬಿಡಲಾಗದೆ ಬೆನ್ನು ತಿರುಗಿಸಿ ನಿಂತಿದ್ದೆ.

ಹಾಗಾಗಿ ತೂಕ ಏರಿಸಬೇಡಿ. 80ರವನ ಜೊತೆ ಸ್ಪಾರಿಂಗ್ (ಅಭ್ಯಾಸದ ಆಟ) ಮಾಡುವುದನ್ನೂ ಬಿಡಿ, ತೂಕದ ವರ್ಗ ಅಂತ ಸುಮ್ನೆ ಮಾಡಿಲ್ಲ. ಕುತ್ತಿಗೆ ಗಟ್ಟಿ ಮಾಡಬೇಕೆಂದರೆ ನಮ್ಮ ಗರಡಿ ಮನೆಗೆ ಹೋಗಿ ಪೈಲ್ವಾನರನ್ನು ಕೇಳಿ, ಅವರಷ್ಟು ಚೆನ್ನಾಗಿ ಯಾವ ಜಿಮ್‌ನವರೂ ಹೇಳಿಕೊಡಲ್ಲ. ಅದೂ ಕವಚ ಅಂದುಕೊಳ್ಳಬೇಡಿ. ಗೂಳಿ ಕುತ್ತಿಗೆಯ ಮೈಕ್ ಟೈಸನ್‌ನನ್ನೇ 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಹತ್ತನೇ ರೌಂಡಿನಲ್ಲಿ ಮಲಗಿಸಿದ. ತಲೆಗೆ ಏಟು ಬಿದ್ದು ಒಂಥರಾ ಮಂಕು ಅನ್ನಿಸಿದರೆ ಡಾಕ್ಟರ್ ಹೂಂ ಅನ್ನುವ ತನಕ ಗ್ಲೌಸ್ ಮುಟ್ಟಬೇಡಿ. ಮೊದಲನೆಯದು ವಾಸಿಯಾಗುವ ಮುಂಚೆ ಎರಡನೆಯದು ಬಿದ್ದರೆ ಜೀವಕ್ಕೇ ಕುತ್ತು.

ನಮ್ಮ ಕ್ಲಬ್ಬಿನ 80 ಕೆಜಿಯವನು ಮೊನ್ನೆ ಸಿಕ್ಕಿದ್ದ. "ನೀನು ಹೊಡೆದಿದ್ದೆಲ್ಲ ನೋಯ್ತಿತ್ತು ಕಣೋ, ತೋರಿಸ್ಕೊಳ್ತಿರಲಿಲ್ಲ ಅಷ್ಟೇ" ಅಂದ. ನಿಮ್ಮವನನ್ನೂ ಒಂದು ಸಲ ಕೇಳಿ ನೋಡಿ.