ಲಗೇಜ್ ಹೋಲಿಕೆ ಬಿಡಿ, ವಿಳಾಸದ ಲೆಕ್ಕ ತೋರಿಸಿ

ನಮಸ್ಕಾರ,

ಕಂಪೈಲ್ ಆದ ತುಣುಕುಗಳನ್ನು ಸೇರಿಸಿ ಒಂದು ಪ್ರೋಗ್ರಾಂ ಮಾಡುವ ಲಿಂಕರ್, ಮೆಮೊರಿಯಲ್ಲಿ ವೇರಿಯಬಲ್‌ಗಳನ್ನು ಹೇಗೆ ಜೋಡಿಸುತ್ತದೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಇದನ್ನು ಕನ್ನಡದಲ್ಲಿ ಬರೆಯುವವರು ತುಂಬಾ ಕಮ್ಮಿ.

ಕಂಪ್ಯೂಟರ್ ಅಂದರೇನು ಅನ್ನುವ ಮೊದಲ ಎರಡು ಪ್ಯಾರಾ ತೆಗೆದುಬಿಡಿ. ‘ಸ್ಮೃತಿಕೋಶ ಪಂಕ್ತೀಕರಣ’ ಎಂಬ ಪದ ಕೂಡ ಬೇಡ. ವೇರಿಯಬಲ್‌ನ ವಿಳಾಸ ಯಾವ ಸಂಖ್ಯೆಯಿಂದ ಭಾಗವಾಗಬೇಕು ಎಂಬುದಕ್ಕೆ ಅಲೈನ್‌ಮೆಂಟ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ, ಅಲ್ವಾ?

ಮೆಜೆಸ್ಟಿಕ್‌ನಲ್ಲಿ ಊರಿನ ಬಸ್ಸಿನ ಡಿಕ್ಕಿಗೆ ಲಗೇಜ್ ತುಂಬುವ ಹೋಲಿಕೆ ಓದಲು ಚೆನ್ನಾಗಿದೆ. ಆದರೆ ಅದು ತಪ್ಪು ಕಲಿಸುತ್ತದೆ. ಅಲ್ಲಿ ದೊಡ್ಡ ಮೂಟೆ ಮೊದಲು ಹೋಗುತ್ತದೆ, ಸಂದಿಗೆ ಸಣ್ಣ ಬ್ಯಾಗು. ಇಲ್ಲಿ ನೋಡುವುದು ಗಾತ್ರವನ್ನಲ್ಲ, ಅಲೈನ್‌ಮೆಂಟನ್ನು. ನೂರು ಬೈಟಿನ ಚಾರ್ ಅರೇ (ಒಂದೊಂದು ಬೈಟಿನ ಅಕ್ಷರಗಳ ಸಾಲು) ಎಷ್ಟೇ ದೊಡ್ಡದಿರಲಿ, ಕಂಪೈಲರ್ ಹೆಚ್ಚಿಸದಿದ್ದರೆ ಅದರ ಅಲೈನ್‌ಮೆಂಟ್ 1. ಅದು ಎಲ್ಲಿ ಬೇಕಾದರೂ ಕೂರುತ್ತದೆ. 8 ಬೈಟಿನ ಡಬಲ್ (ದಶಮಾಂಶ ಸಂಖ್ಯೆ) ಮಾತ್ರ 8ರಿಂದ ಭಾಗವಾಗುವ ವಿಳಾಸವೇ ಬೇಕು ಅನ್ನುತ್ತದೆ. ಇನ್ನೊಂದು, ಲಿಂಕರ್ ಹಿಂದೆ ಹೋಗಿ ಸಂದಿ ತುಂಬುವುದಿಲ್ಲ. ದೊಡ್ಡ ಅಲೈನ್‌ಮೆಂಟಿನಿಂದ ಇಳಿಯುತ್ತಾ ಬಂದರೆ ಸಂದಿ ಹುಟ್ಟುವುದೇ ಅಪರೂಪ.

ಇದನ್ನು ಲೆಕ್ಕದಲ್ಲೇ ತೋರಿಸಿ. ಚಾರ್ (1 ಬೈಟ್), ಇಂಟ್ (4 ಬೈಟಿನ ಪೂರ್ಣಾಂಕ), ಚಾರ್, ಡಬಲ್ ಇದೇ ಕ್ರಮದಲ್ಲಿ ಬಂದವು ಅನ್ನಿ. ಚಾರ್ 0ಯಲ್ಲಿ. ಇಂಟ್‌ಗೆ 4 ಬೇಕು, 3 ಬೈಟ್ ಖಾಲಿ. ಮುಂದಿನ ಚಾರ್ 8ರಲ್ಲಿ. ಡಬಲ್ 16ಕ್ಕೇ ಹೋಗಬೇಕು, ಮತ್ತೆ 7 ಖಾಲಿ. ಒಟ್ಟು 24 ಬೈಟ್. ಡಬಲ್, ಇಂಟ್, ಚಾರ್, ಚಾರ್ ಎಂದು ಇಟ್ಟರೆ 14. ನಿಮ್ಮ ಮೂರು ಪುಟ ಹೇಳದ್ದನ್ನು ಇಷ್ಟೇ ಸಾಲು ಹೇಳುತ್ತವೆ.

‘ಲಿಂಕರ್ ಯಾವಾಗಲೂ ಹೀಗೆ ವಿಂಗಡಿಸುತ್ತದೆ’ ಎಂದಿದ್ದೀರಿ. ಇಲ್ಲ. ಗ್ನೂ ಲಿಂಕರ್ ಸಾಮಾನ್ಯವಾಗಿ ಸೆಕ್ಷನ್‌ಗಳನ್ನು, ಅಂದರೆ ಕಂಪೈಲರ್ ಕಟ್ಟಿಕೊಡುವ ಕೋಡ್, ಡೇಟಾದ ಕಟ್ಟುಗಳನ್ನು, ಬಂದ ಕ್ರಮದಲ್ಲೇ ಇಡುತ್ತದೆ. ಅಲೈನ್‌ಮೆಂಟ್ ಪ್ರಕಾರ ವಿಂಗಡಿಸು ಎಂದು ಲಿಂಕರ್ ಸ್ಕ್ರಿಪ್ಟಿನಲ್ಲೋ ಆಯ್ಕೆಯಲ್ಲೋ ನಾವೇ ಹೇಳಬೇಕು. ಅದರ ಕೈಗೆ ಸಿಗುವುದೂ ಸೆಕ್ಷನ್, ಬಿಡಿ ವೇರಿಯಬಲ್ ಅಲ್ಲ. ಒಂದೊಂದಕ್ಕೂ ಬೇರೆ ಸೆಕ್ಷನ್ ಬೇಕಾದರೆ ಕಂಪೈಲರಿಗೆ ಡೇಟಾ-ಸೆಕ್ಷನ್ಸ್ ಆಯ್ಕೆ ಕೊಡಬೇಕು. ಸ್ಟ್ರಕ್ಟ್ (ಹಲವು ವೇರಿಯಬಲ್‌ಗಳ ಒಂದು ಗುಂಪು) ಒಳಗಿನ ಕ್ರಮವನ್ನಂತೂ ಲಿಂಕರ್ ಮುಟ್ಟುವುದೇ ಇಲ್ಲ.

ಆರ್ಡುಯಿನೋ ಊನೋ ಆರ್3 ಬೋರ್ಡಿನ ಉದಾಹರಣೆಯನ್ನೂ ಬದಲಿಸಿ. ಅದರಲ್ಲಿರುವುದು 8 ಬಿಟ್ ಚಿಪ್, ಅಲ್ಲಿ ಇಂಟ್‌ಗೂ ಅಲೈನ್‌ಮೆಂಟ್ 1. ಸಂದಿಯೇ ಇಲ್ಲದ ಕಡೆ ಉಳಿತಾಯ ಎಲ್ಲಿಂದ ಬರಬೇಕು? ಎಸ್.ಪಿ. ರೋಡಿಗೆ ಹೋಗಿ ಒಂದು ಎಸ್‌ಟಿಎಮ್32 ಬೋರ್ಡ್ ತನ್ನಿ. 32 ಬಿಟ್‌ನದು, ಅದರಲ್ಲಿ ಡಬಲ್ 8ನ್ನೇ ಕೇಳುತ್ತದೆ.

ಆಮೇಲೆ ಮ್ಯಾಪ್ ಫೈಲ್, ಅಂದರೆ ಯಾವುದು ಎಲ್ಲಿ ಕೂತಿದೆ ಎಂದು ಲಿಂಕರ್ ಬರೆದುಕೊಡುವ ಪಟ್ಟಿ, ತೆಗೆಸಿ. ಅದರಲ್ಲಿ ‘ಫಿಲ್’ ಎಂಬ ಸಾಲುಗಳು ಬರುತ್ತವೆ, ಅವೇ ಖಾಲಿ ಬಿದ್ದ ಬೈಟುಗಳು. ನನಗೆ ಈ ವಿಷಯ ನಿಜಕ್ಕೂ ಅರ್ಥವಾದದ್ದು ಆ ಸಾಲುಗಳನ್ನು ಕಂಡ ದಿನ. ವಿಂಗಡಿಸುವ ಮೊದಲಿನದು, ನಂತರದ್ದು, ಎರಡನ್ನೂ ಲೇಖನದ ಜೊತೆ ಕಳಿಸಿ. ನಾನೇ ಕೂತು ಓದುತ್ತೇನೆ.