ಚಳಿಗಾಲದಲ್ಲಿ ಮತ್ತೆ ಕಟ್ಟೋದು ಅದೇ ಐಸ್ ಅಲ್ಲ

ನಮಸ್ಕಾರ. ಆರ್ಕ್ಟಿಕ್‌ನಲ್ಲಿ ಸಮುದ್ರದ ಮೇಲೆ ತೇಲೋ ಐಸ್ ಅತಿ ಕಡಿಮೆಯಾದ 2012ರ ದಾಖಲೆ ಇನ್ನೂ ಮುರಿದಿಲ್ಲ, ಅಂಟಾರ್ಕ್ಟಿಕಾದಲ್ಲಿ 2014ರಲ್ಲಿ ಮಂಜುಗಡ್ಡೆ ಜಾಸ್ತಿನೇ ಆಗಿತ್ತು, ಕರಗಿದ್ದೂ ಚಳಿಗಾಲದಲ್ಲಿ ವಾಪಸ್ ಕಟ್ಟತ್ತೆ, ಹಾಗಿದ್ಮೇಲೆ ಇಷ್ಟೊಂದು ಗಾಬರಿ ಯಾಕೆ ಅಂತ ಬರೆದಿದೀರ. ನೀವು ಹೇಳಿದ ಮೂರೂ ನಿಜ, ಆದ್ರೆ ತೀರ್ಮಾನ ಸರಿಯಿಲ್ಲ.

2012ರ ಸೆಪ್ಟೆಂಬರಲ್ಲಿ ಆರ್ಕ್ಟಿಕ್ ಐಸ್ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳೀತು. ಆ ಆಗಸ್ಟಲ್ಲಿ ದೊಡ್ಡ ಚಂಡಮಾರುತ ಬೇರೆ ಬಂದು, ಮೊದ್ಲೇ ತೆಳ್ಳಗಿದ್ದ ಗಡ್ಡೆನ ಒಡೆದು ಹಾಕಿತ್ತು. ಅಂಥ ಒಂದು ವರ್ಷನ ಹಿಡ್ಕೊಂಡು ಅಳೆದ್ರೆ ಹೇಗೆ? ಸ್ಯಾಟಲೈಟ್ ಲೆಕ್ಕ ಶುರುವಾದ 1979ರ ಸೆಪ್ಟೆಂಬರಲ್ಲಿ ಇದು 70 ಲಕ್ಷದ ಹತ್ರ ಇತ್ತು, ಮತ್ತೆ ಅತಿ ಕಡಿಮೆ ಐಸ್ ಇದ್ದ ವರ್ಷಗಳನ್ನ ಪಟ್ಟಿ ಮಾಡಿದ್ರೆ ಮೇಲಿರೋವೆಲ್ಲ 2007 ಮತ್ತು ಅದರಿಂದೀಚೆಗಿನವೇ.

ಇನ್ನು ವಾಪಸ್ ಕಟ್ಟೋ ವಿಷ್ಯ, ನನಗೆ ಮುಖ್ಯ ಅನ್ಸೋದು ಇದೇ. ಸಮುದ್ರದ ನೀರು ಮೈನಸ್ 1.8 ಡಿಗ್ರಿ ಹತ್ರ ಹೆಪ್ಪುಗಟ್ಟುವಾಗ ಒಂದಷ್ಟು ಉಪ್ಪುನೀರು ಒಳಗೆ ಸಣ್ಣ ಸಣ್ಣ ಗುಳಿಗಳಲ್ಲಿ ಸಿಕ್ಕಾಕೊಳ್ಳತ್ತೆ. ಆ ಗಡ್ಡೆ ಒಂದೆರಡು ಬೇಸಿಗೆ ದಾಟಿದ್ರೆ ಮೇಲಿನ ಕರಗಿದ ನೀರು ಇಳಿದು ಉಪ್ಪನ್ನ ತೊಳೆದು ಹಾಕತ್ತೆ, ಆಮೇಲೆ ಅದನ್ನ ಕರಗಿಸಿ ಕುಡೀಬಹುದು, ಅಷ್ಟು ಸಿಹಿ ಆಗಿರತ್ತೆ. ಅಂಥ ಹಳೇ ಐಸ್ ಮೂರು ನಾಲ್ಕು ಮೀಟರ್ ದಪ್ಪ, ಗಟ್ಟಿ. ಹೊಸದು ಎರಡು ಮೀಟರ್ ಮುಟ್ಟಿದ್ರೆ ಹೆಚ್ಚು. 1980ರ ದಶಕದ ಮಧ್ಯದಲ್ಲಿ ಚಳಿಗಾಲದ ಕೊನೇಲಿ ಆರ್ಕ್ಟಿಕ್ ಐಸಲ್ಲಿ ಮೂರರಲ್ಲೊಂದು ಪಾಲು ನಾಲ್ಕು ವರ್ಷಕ್ಕಿಂತ ಹಳೇದಿತ್ತು, ಈಗ ಶೇಕಡ 5 ಕೂಡ ಇಲ್ಲ. ಹಾಗಾಗಿ ಮಾರ್ಚಿನ ಫೋಟೋದಲ್ಲಿ ಬೆಳ್ಳಗೆ ತುಂಬ್ಕೊಂಡಿರೋ ಹಾಗೆ ಕಂಡ್ರೂ ಅದರಲ್ಲಿ ಬಹುಪಾಲು ಮುಂದಿನ ಬೇಸಿಗೆ ತಡ್ಕೊಳ್ಳೋ ಐಸ್ ಅಲ್ಲ, ಅದು ಹೋದ್ಮೇಲೆ ಕಪ್ಪು ನೀರು ಬಿಸಿಲಿನ ಶಾಖನ ಹೆಚ್ಚೂಕಮ್ಮಿ ಪೂರ್ತಿ ಹೀರ್ಕೊಳ್ಳತ್ತೆ, ಹಿಮ ಹೊದ್ದ ಗಡ್ಡೆಯಾದ್ರೆ ಅದರಲ್ಲಿ ಶೇಕಡ 80ರಷ್ಟನ್ನ ವಾಪಸ್ ಕಳಿಸ್ತಿತ್ತು.

ಅಂಟಾರ್ಕ್ಟಿಕಾದ ಕಥೆ ಬೇರೆ, ಅಲ್ಲಿ ಗಾಳಿ ಮತ್ತು ಸಮುದ್ರದ ಪ್ರವಾಹಗಳ ಆಟ ಜಾಸ್ತಿ. 2014ರ ಸೆಪ್ಟೆಂಬರಲ್ಲಿ, ಅಂದ್ರೆ ಅಲ್ಲಿನ ಚಳಿಗಾಲದ ಕೊನೇಲಿ, 2 ಕೋಟಿ ಚದರ ಕಿಲೋಮೀಟರ್ ದಾಟಿದ್ದು ನಿಜ. ಆದ್ರೆ 2023ರ ಫೆಬ್ರವರೀಲಿ, ಅಲ್ಲಿನ ಬೇಸಿಗೇಲಿ, 18 ಲಕ್ಷಕ್ಕಿಂತ ಕೆಳಗೆ ಬಂತು, ಬೇಸಿಗೆಯ ದಾಖಲೆಯಲ್ಲೇ ಅತಿ ಕಡಿಮೆ, ಅದೇ ವರ್ಷದ ಚಳಿಗಾಲದಲ್ಲೂ 1.7 ಕೋಟಿ ಮುಟ್ಲಿಲ್ಲ. 2022ರ ಕೊನೇಲಿ ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದಲ್ಲಿ ಮರಿಗಳಿಗೆ ನೀರು ತಡೆಯೋ ಪುಕ್ಕ ಬರೋದ್ರೊಳಗೇ ಗಡ್ಡೆ ಒಡೆದು, ಎಂಪರರ್ ಪೆಂಗ್ವಿನ್‌ಗಳ ಅಲ್ಲಿನ ಐದು ಕಾಲೊನಿಗಳಲ್ಲಿ ನಾಲ್ಕು ಆ ವರ್ಷದ ಮರಿಗಳನ್ನೇ ಕಳ್ಕೊಂಡ್ವು. 2014ನ್ನ ಮಾತ್ರ ನೆನಪಿಟ್ಕೊಂಡು ಇದನ್ನ ಬಿಟ್ಬಿಡೋದು ನ್ಯಾಯ ಅಲ್ಲ.

ಐಸ್ ಕರಗಿದ್ರೆ ಸಮುದ್ರ ಏರತ್ತಾ ಅಂತಲೂ ಕೇಳಿದೀರ. ತೇಲೋ ಐಸಿಂದ ಹೆಚ್ಚೇನೂ ಏರಲ್ಲ, ಅದು ಆಗ್ಲೇ ನೀರಲ್ಲಿ ತನ್ನ ಜಾಗ ತಗೊಂಡಿರತ್ತೆ. ಏರಿಸೋದು ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ನೆಲದ ಮೇಲಿರೋ ಐಸ್.